ಅಪ್ಪಂಗೆ ಕ್ಯಾನ್ಸರಿಗೆ ಕರೆಂಟ್ (ರೇಡಿಯೇಷನ್) ಕೊಡಿಸಿ 4 ತಿಂಗಳಾಯ್ತು, ಬಾಯಲ್ಲಿ ಪಸೆನೇ ಇಲ್ಲ, ಏನ್ ಮಾಡೋದು?

ಪಾವಗಡದ_ಮಗಳು

ಎಲ್ರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೀತಿದೀನಿ, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ.

ನಮ್ಮಪ್ಪಂಗೆ 59 ವರ್ಷ. ಬಲಗಡೆ ಟಾನ್ಸಿಲ್ ಹತ್ರ ಗಡ್ಡೆ ಇದೆ ಅಂತ ಹೋದ ದಸರಾ ಟೈಮಲ್ಲಿ ಗೊತ್ತಾಯ್ತು. ಆಪರೇಷನ್ ಬೇಡ ಅಂದ್ರು, 35 ಸಲ ಕರೆಂಟು, ಜೊತೆಗೆ ವಾರಕ್ಕೊಂದು ಕೀಮೋ. 7 ವಾರ ಬೆಂಗಳೂರಲ್ಲೇ ರೂಮ್ ಮಾಡ್ಕೊಂಡಿದ್ವಿ. ಮುಗಿದು 3 ತಿಂಗಳಿಗೆ ಪೆಟ್ ಸ್ಕ್ಯಾನ್ ಮಾಡಿಸಿದ್ರು, ಗಡ್ಡೆ ಕಾಣ್ತಿಲ್ಲ ಅಂದ್ರು, ಅವತ್ತು ಮನೇಲಿ ಎಲ್ರೂ ದೇವರಿಗೆ ಕೈ ಮುಗಿದು ಇನ್ನು ಎಲ್ಲಾ ಸರಿಹೋಯ್ತು ಅಂದ್ಕೊಂಡ್ವಿ. ಆದ್ರೆ ಬಾಯಿ ಮಾತ್ರ ಸರಿ ಹೋಗ್ತಾನೇ ಇಲ್ಲ. ಕರೆಂಟ್ ಶುರುವಾಗಿ ಎರಡನೇ ವಾರಕ್ಕೇ ಜೊಲ್ಲು ಗೋಂದಿನ ಥರ ಗಟ್ಟಿ ಆಗಿತ್ತು, ಉಗುಳಿದ್ರೆ ದಾರ ದಾರ ಎಳೀತಿತ್ತು, ಈಗ ಆ ಲೋಳೆನೂ ಇಲ್ಲ, ಬರೀ ಒಣ. ಮಾತಾಡ್ತಾ ಇದ್ರೆ ನಾಲಿಗೆ ಅಂಗುಳಕ್ಕೆ ಅಂಟ್ಕೊಂಡು ಬಿಡಿಸ್ಕೊಳ್ಳೋ ಸದ್ದು ನಮಗೇ ಕೇಳ್ಸತ್ತೆ. ಅನ್ನ ಬಾಯಿಗಿಟ್ರೆ ಮರಳು ಇಟ್ಟಂಗೆ ಆಗತ್ತೆ ಅಂತಾರೆ. ರಾತ್ರಿ ಐದಾರು ಸಲ ಏಳ್ತಾರೆ ನೀರಿಗೆ. 74 ಕೆಜಿ ಇದ್ದೋರು 62 ಆಗಿದಾರೆ. ಮೊನ್ನೆ ಚಿಕ್ಕಪ್ಪನ ಮಗನ ಮದುವೆಗೆ ಬಂದು ಊಟಕ್ಕೆ ಮಾತ್ರ ಕೂರ್ಲಿಲ್ಲ, ಪಂಕ್ತಿಲಿ ಎಲ್ರೂ ಮಜ್ಜಿಗೆಗೆ ಬಂದಿರ್ತಾರೆ ನಾನಿನ್ನೂ ಎರಡನೇ ತುತ್ತಿಗೆ ನೀರು ಕುಡೀತಿರ್ತೀನಿ, ಜನ ನೋಡ್ತಾರೆ ಅಂದ್ರು.

ಅಜ್ಜಿ ಇದು ಕರೆಂಟಿನ ಉಷ್ಣ, ತಂಪು ಮಾಡಬೇಕು ಅಂತ ನಿಂಬೆ ಪಾನಕ, ಎಳನೀರು, ಕಲ್ಲುಸಕ್ಕರೆ ಕೊಡ್ತಾರೆ. ಅಪ್ಪನ ಜೇಬಲ್ಲಿ ಕಲ್ಲುಸಕ್ಕರೆ ಯಾವಾಗ್ಲೂ ಇರತ್ತೆ, ಚೀಪ್ತಾ ಇದ್ರೆ ಸ್ವಲ್ಪ ಹಾಯಾಗಿರತ್ತಂತೆ.

ಈಗ ಹತ್ತು ದಿನದಿಂದ ಬಲಗಡೆ ಕೆಳದವಡೆಲಿ ಹಲ್ಲು ನೋವು. ಇಲ್ಲೇ ಊರಲ್ಲಿ ತೋರಿಸಿದ್ವಿ, ಎರಡು ಹಲ್ಲು ಹುಳುಕಾಗಿದೆ ಕೀಳಬೇಕು ಸೋಮವಾರ ಬನ್ನಿ ಅಂದ್ರು. ಕ್ಯಾನ್ಸರ್ ಆಗಿದ್ದ ವಿಷಯ ಅಲ್ಲಿ ಹೇಳಿಲ್ಲ, ಅಪ್ಪ ಊರಲ್ಲಿ ಗೊತ್ತಾಗೋದು ಬೇಡ ಅಂದ್ರು.

ನಂಗೆ ಗೊತ್ತಾಗಬೇಕಿರೋದು ಇಷ್ಟು, ಜೊಲ್ಲು ವಾಪಸ್ ಬರತ್ತಾ ಇಲ್ವಾ, ಅಲ್ಲೀವರೆಗೂ ಏನ್ ತಿನ್ನಿಸೋದು, ಮತ್ತೆ ಕ್ಯಾನ್ಸರ್ ಬರ್ತಿರೋದಕ್ಕೇನಾದ್ರೂ ಹೀಗಾಗ್ತಿದ್ಯಾ? ಗೊತ್ತಿರೋರು ದಯವಿಟ್ಟು ಹೇಳಿ.

ಹಲ್ಲಿನ_ಡಾಕ್ಟರ್_ಮೈಸೂರು

ಮೊದ್ಲು ಒಂದೇ ಮಾತು ಹೇಳ್ತೀನಿ, ಸೋಮವಾರ ಹಲ್ಲು ಕೀಳಿಸ್ಬೇಡಿ. ಆ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ತಲೆ ಕುತ್ತಿಗೆಗೆ ರೇಡಿಯೇಷನ್ ಆಗಿದೆ, 35 ಸಲ ಆಗಿದೆ ಅಂತ ಹೇಳಿ. ಕ್ಲಿನಿಕ್ಕಲ್ಲಿದೀನಿ, ಕಾರಣ ಸಂಜೆ ಬರೀತೀನಿ.

ಹುಬ್ಬಳ್ಳಿ_ಕಾಕಾ

ತಂಗಿ, ನಂಗ 2018ರಾಗ ನಾಲಿಗಿ ಬುಡಕ್ಕ ಆಗಿತ್ತು, 33 ಸಲ ಕರೆಂಟ್ ಕೊಟ್ಟಾರ. ನಿಮ್ಮಪ್ಪಾರು ಪಡ್ಲಿಕತ್ತಿದ್ದು ಒಂದೊಂದೂ ನಾ ಪಟ್ಟೀನಿ, ನೀ ಬರದದ್ದು ಓದಿ ಆ ದಿನಾ ಎಲ್ಲಾ ಕಣ್ಣ ಮುಂದ ಬಂದ್ವು.

ಮೊದಲ ಮಾತು, ಬಾಯಿ ಒಣಗೋದು ಅಂದ್ರ ಕ್ಯಾನ್ಸರ್ ಹೊಳ್ಳಿ ಬಂತು ಅಂತ ಅಲ್ಲ. ಅದು ಕರೆಂಟಿನ ಪರಿಣಾಮ. ಹಂಗಂತ ಬಾಯಾಗ ಹೊಸಾ ಹುಣ್ಣಾಗಿ ಎರಡು ಮೂರು ವಾರಕ್ಕ ಮಾಯದಿದ್ರ, ಕುತ್ತಿಗ್ಯಾಗ ಗಂಟ ಸಿಕ್ರ, ರಕ್ತ ಬಂದ್ರ, ಉಣ್ಣುಮುಂದ ಪ್ರತಿ ತುತ್ತಿಗೂ ಕೆಮ್ಮ ಹತ್ತಿದ್ರ, ಮುಂದಿನ ಚೆಕಪ್ ತಾರೀಖು ಕಾಯಬ್ಯಾಡ್ರಿ, ಸೀದಾ ಹೋಗ್ರಿ.

ನಾಕ ತಿಂಗಳಿಗೆ ಮನಸ್ಸು ಸಣ್ಣದು ಮಾಡಬ್ಯಾಡ್ರಿ. ನಂಗ ಆರ ತಿಂಗಳತನಾ ಏನಂದ್ರ ಏನೂ ಇರಲಿಲ್ಲ. ಎಂಟನೇ ತಿಂಗಳದಾಗ ಒಂದಿನ ಸಂಜಿಮುಂದ ಬಾಜೂ ಮನ್ಯಾಗ ಮಿರ್ಚಿ ಕರಿಯೋ ವಾಸನಿ ಬಂತು, ಬಾಯಾಗ ಎಡಗಡೆ ಎಲ್ಲೋ ಸಣ್ಣಗ ನೀರು ಜಿನುಗಿದಂಗ ಆತು. ಬಾಯಾಗ ನೀರು ಬರೋದು ಅಂದ್ರ ಏನಂತ ಅವತ್ತು ಗೊತ್ತಾತು ನಂಗ, ಕಟ್ಟಿ ಮ್ಯಾಲ ಕುಂತು ಅತ್ತಬಿಟ್ಟೆ. ಎರಡು ವರ್ಷದತನಾ ಇಷ್ಟಿಷ್ಟು ಸುಧಾರಿಸ್ತು, ಆಮ್ಯಾಲ ನಿಂತೈತಿ. ಈಗ ಹಗಲೊತ್ತು ಊಟಕ್ಕ ಸಾಲೋವಷ್ಟು ಬರತೈತಿ, ರಾತ್ರಿ ಮಾತ್ರ ಇನ್ನೂ ಒಣಾನ. ಪೂರಾ ಮೊದಲಿನಂಗ ಆಕ್ಕೈತಿ ಅಂತ ನಾ ಸುಳ್ಳ ಹೇಳಂಗಿಲ್ಲ.

ನಾ ಮಾಡ್ಕೊಂಡು ಬಂದದ್ದು ಹೇಳ್ತೀನಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡಿಗಿ ಸೋಡಾ, ದಿನಾ ಮುಂಜಾನೆ ಹೊಸಾದು ಮಾಡಿ ಇಟ್ಕೊಳ್ಳೋದು, ಊಟದ ಮುಂಚೆ, ಊಟ ಆದ ಮ್ಯಾಲ, ಮಲಗೋಮುಂದ ಬಾಯಿ ಮುಕ್ಕಳಿಸಿ ಉಗಳೋದು, ದಿನಕ್ಕ ಆರೇಳು ಸಲ. ಆ ಲೋಳಿ ಇದ್ದಾಗಂತೂ ಇದು ಬಿಟ್ರ ಬ್ಯಾರೆ ದಾರಿನ ಇರಲಿಲ್ಲ. ನೀರು ಗಟಗಟ ಕುಡದ್ರ ಉಚ್ಚಿಗಿ ಏಳೋದಷ್ಟ ಲಾಭ, ಬಾಯಿ ಐದು ನಿಮಿಷಕ್ಕ ಮತ್ತ ಒಣಾ. ಒಂದು ಗುಟುಕು ತಗೊಂಡು ಬಾಯಿ ತುಂಬ ಆಡಿಸಿ ಆಮ್ಯಾಲ ನುಂಗ್ರಿ. ರಾತ್ರಿ ಮಲಗೋಮುಂದ ಕಾಳಿನಷ್ಟು ತುಪ್ಪ ಇಲ್ಲಾ ಕೊಬ್ಬರಿ ಎಣ್ಣಿ ನಾಲಿಗಿಗೆ, ಒಸಡಿಗೆ ಸವರ್ಕೊಳ್ಳೋದು, ಫ್ಯಾನ್ ಮುಖಕ್ಕ ನೇರ ಬರಲಾರದಂಗ ಮಲಗೋದು, ಖೋಲ್ಯಾಗ ಒಂದು ಹಸಿ ಟವೆಲ್ ಹಾಕೋದು. ನೆಗಡಿ ಬಂದಾಗ ಮೆಡಿಕಲ್‌ನ್ಯಾಗ ಸುಮ್ಮ ಅಲರ್ಜಿ ಗುಳಿಗಿ ತಗೋಬ್ಯಾಡ್ರಿ, ನಾ ಒಮ್ಮೆ ತಗೊಂಡು ಎರಡು ದಿನಾ ಬಾಯಿ ತಗಿಲಿಕ್ಕ ಬರಲಿಲ್ಲ, ಅವು ಇದ್ದ ನಾಕ ಹನಿನೂ ಒಣಗಸ್ತಾವು.

ನಂಗ ಡಾಕ್ಟರು ಜೊಲ್ಲು ಬರಸೋ ಪೈಲೋಕಾರ್ಪಿನ್ ಅನ್ನೋ ಗುಳಿಗಿ ಕೊಟ್ಟಿದ್ರು, 5 ಎಂಜಿ, ದಿನಕ್ಕ ಮೂರು. ಎರಡು ತಿಂಗಳ ಹಿಡೀತು ಫರಕ್ ಗೊತ್ತಾಗ್ಲಿಕ್ಕೆ. ಬೆವರು ಭಾಳ, ಡಿಸೆಂಬರ್ ಚಳಿಯಾಗೂ ಅಂಗಿ ತೊಯ್ತಿತ್ತು. ಆದ್ರೂ ನಾ ಬಿಡಲಿಲ್ಲ. ಆಸ್ತಮಾ, ಕಣ್ಣಿನ ಗ್ಲುಕೋಮಾ, ಹಾರ್ಟಿನ ತ್ರಾಸ ಇದ್ದೋರಿಗೆ ಅದು ಆಗಿ ಬರೂದಿಲ್ಲ, ಅದಕ್ಕ ಡಾಕ್ಟರನ್ನ ಕೇಳದ ತಗೋಬಾರದು.

ಇನ್ನೊಂದು. ಅಡಕಿ ಹಾಕ್ಕೋ ಜೊಲ್ಲು ಬರತೈತಿ ಅಂತ ನನ್ನ ಗೆಳ್ಯಾ ಒಬ್ಬಾಂವ ಹೇಳಿದ್ದ. ಖರೇನ ಜೊಲ್ಲು ಬರತೈತಿ, ಮತ್ತ ಅದರ ಬೆನ್ನ ಹತ್ತೇ ನಾ ಆ ದವಾಖಾನಿ ನೋಡಿದ್ದು. ನಿಮ್ಮಪ್ಪಾರಿಗೆ ಯಾರಾದ್ರೂ ಹಂಗ ಹೇಳಿದ್ರ ದೂರ ಇಡ್ರಿ.

ಹಲ್ಲಿನ_ಡಾಕ್ಟರ್_ಮೈಸೂರು

ಬೆಳಿಗ್ಗೆ ಅರ್ಧಕ್ಕೇ ನಿಲ್ಲಿಸಿದ್ದೆ, ಈಗ ಹೇಳ್ತೀನಿ.

ರೇಡಿಯೇಷನ್ ಬಿದ್ದ ದವಡೆ ಮೂಳೆಲಿ ಸಣ್ಣ ಸಣ್ಣ ರಕ್ತನಾಳ ಹೋಗಿಬಿಟ್ಟಿರತ್ತೆ, ಅದ್ರಲ್ಲೂ ಕೆಳದವಡೆಗೆ ಮೊದ್ಲೇ ರಕ್ತ ಸಂಚಾರ ಕಮ್ಮಿ. ಅಂಥ ಕಡೆ ಹಲ್ಲು ಕಿತ್ರೆ ಆ ಗುಳಿ ಮುಚ್ಚಿಕೊಳ್ಳದೇ ಮೂಳೆ ಹಾಗೇ ಬಾಯೊಳಗೆ ತೆರ್ಕೊಂಡು ಸಾಯೋಕೆ ಶುರುವಾಗಬಹುದು, ಆಸ್ಟಿಯೋರೇಡಿಯೋನೆಕ್ರೋಸಿಸ್ ಅಂತಾರೆ. ಎಲ್ರಿಗೂ ಆಗಲ್ಲ, ಆದ್ರೆ ಆದೋರಿಗೆ ತಿಂಗಳುಗಟ್ಟಲೆ ಕೀವು, ನೋವು, ಕೆಲವರಿಗೆ ದವಡೆ ತುಂಡೇ ತೆಗೀಬೇಕಾಗತ್ತೆ. 60 ಗ್ರೇ (ರೇಡಿಯೇಷನ್ ಅಳೆಯೋ ಯೂನಿಟ್) ಮೇಲೆ ಡೋಸ್ ಬಿದ್ದ ಜಾಗದಲ್ಲಿ ಅಪಾಯ ಹೆಚ್ಚು, ನಿಮ್ಮ ತಂದೆಗೆ ನೋವಿರೋದೂ ಬಲಗಡೆ ಗಡ್ಡೆ ಇದ್ದಿದ್ದೂ ಬಲಗಡೆ, ಅದಕ್ಕೇ ಅಷ್ಟು ಅವಸರದಲ್ಲಿ ಬೇಡ ಅಂದಿದ್ದು. ಮತ್ತೆ ಈ ಅಪಾಯ ಒಂದೆರಡು ವರ್ಷಕ್ಕೆ ಮುಗಿಯೋದಲ್ಲ, ಹತ್ತು ವರ್ಷ ಬಿಟ್ಟು ಕೀಳಿಸಿದ್ರೂ ಇದ್ದೇ ಇರತ್ತೆ. ಹಾಗಾಗಿ ಯಾವ ದಂತವೈದ್ಯರ ಹತ್ರ ಹೋದ್ರೂ ಬಾಯಿ ತೆಗೆಯೋ ಮುಂಚೆ ಈ ಮಾತು ಹೇಳಲೇಬೇಕು. ಊರಲ್ಲಿ ಗೊತ್ತಾಗೋದು ಬೇಡ ಅನ್ನೋ ನಿಮ್ಮ ತಂದೆ ಸಂಕಟ ಅರ್ಥ ಆಗತ್ತೆ, ಹಾಗಿದ್ರೆ ಬೇರೆ ಊರಲ್ಲಿ ತೋರಿಸಿ, ಡೆಂಟಲ್ ಕಾಲೇಜಿಗೆ ಕರ್ಕೊಂಡು ಹೋಗಿ, ಆದ್ರೆ ಮುಚ್ಚಿಡ್ಬೇಡಿ.

ಕೀಳದೇ ಇದ್ರೆ ಏನು ದಾರಿ ಅಂತೀರಾ, ಬಹಳ ಸಲ ರೂಟ್ ಕೆನಾಲ್ ಮಾಡಿ ಹಲ್ಲು ಉಳಿಸಬಹುದು. ಮೇಲ್ಭಾಗ ಪೂರ್ತಿ ಹೋಗಿದ್ರೂ ಬೇರಿಗೆ ರೂಟ್ ಕೆನಾಲ್ ಮಾಡಿ ಒಸಡಿನ ಮಟ್ಟಕ್ಕೆ ಕತ್ತರಿಸಿ ಬೇರನ್ನ ಅಲ್ಲೇ ಬಿಡ್ತೀವಿ. ಕೀಳಲೇಬೇಕು ಅಂದ್ರೆ ರೇಡಿಯೇಷನ್ ಡಾಕ್ಟರ ಜೊತೆ ಮಾತಾಡಿ, ಆ ಜಾಗಕ್ಕೆ ಎಷ್ಟು ಡೋಸ್ ಬಿದ್ದಿದೆ ನೋಡ್ಕೊಂಡು, ಅನುಭವ ಇರೋ ಓರಲ್ ಸರ್ಜನ್ ಮಾಡ್ಬೇಕು.

ಇನ್ನು ಹಲ್ಲು ಹಾಳಾಗಿದ್ದು ಯಾಕೆ ಅನ್ನೋದು. ನಮ್ಮ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿಂದ ಒಂದೂವರೆ ಲೀಟರ್ ಜೊಲ್ಲು ಬರತ್ತೆ. ಊಟದ ಹುಳಿನ ತೊಳೆಯೋದು, ಹಲ್ಲಿಗೆ ಕ್ಯಾಲ್ಸಿಯಂ ಫಾಸ್ಫೇಟ್ ವಾಪಸ್ ಕೊಡೋದು ಎಲ್ಲಾ ಅದೇ. ಅದು ನಿಂತ್ರೆ ಹಲ್ಲಿಗೆ ಕಾವಲೇ ಇಲ್ಲ. ರೇಡಿಯೇಷನ್ ಆದೋರ ಹುಳುಕು ಒಸಡಿನ ಅಂಚಲ್ಲಿ, ಹಲ್ಲಿನ ಕುತ್ತಿಗೆ ಸುತ್ತ ಶುರುವಾಗತ್ತೆ, ನೋಡನೋಡ್ತಾ ಹಲ್ಲು ಮುರಿದು ಬೀಳತ್ತೆ. ಅಂಥ ಬಾಯಲ್ಲಿ ಇಡೀ ದಿನ ಕಲ್ಲುಸಕ್ಕರೆ ಚೀಪೋದು ಅಂದ್ರೆ ಬೆಂಕಿಗೆ ಸೀಮೆಎಣ್ಣೆ ಸುರಿದಂಗೆ. ಅಜ್ಜಿ ಪ್ರೀತಿಯಿಂದ ಕೊಡ್ತಿದಾರೆ, ಅವರನ್ನ ಬೈಬೇಡಿ, ಆದ್ರೆ ಇವತ್ತಿಂದ್ಲೇ ನಿಲ್ಲಿಸಿ. ನಿಂಬೆ ಪಾನಕನೂ ಬೇಡ, ಹುಳಿ ಜೊಲ್ಲು ತರಿಸತ್ತೆ ನಿಜ, ಜೊತೆಗೆ ಹಲ್ಲಿನ ಗಟ್ಟಿ ಹೊರಪದರ ಎನಾಮೆಲನ್ನೂ ತಿನ್ನತ್ತೆ. ಚೀಪಲೇಬೇಕು ಅಂದ್ರೆ ಸಕ್ಕರೆ ಇಲ್ಲದ, ಜೈಲಿಟಾಲ್ (ಹಲ್ಲು ಹುಳುಕು ಮಾಡದ ಸಿಹಿ) ಇರೋ ಚೂಯಿಂಗ್ ಗಮ್ ಇಲ್ಲಾ ಮಾತ್ರೆ ಸಿಗತ್ತೆ.

ಫ್ಲೋರೈಡ್ ಇದ್ರ ಮುಖ್ಯ ಮದ್ದು. ಮಾಮೂಲಿ ಪೇಸ್ಟಲ್ಲಿ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 1000 ಭಾಗ) ಆಸುಪಾಸು ಇರತ್ತೆ, ಇವರಿಗೆ 5000 ಪಿಪಿಎಂ ಜೆಲ್ ಬೇಕು. ಹಲ್ಲಿನ ಅಚ್ಚು ತೆಗೆದು ಮೆತ್ತನೆ ಟ್ರೇ ಮಾಡಿಸ್ಕೊಳ್ಳಿ, ರಾತ್ರಿ ಹಲ್ಲುಜ್ಜಿದ ಮೇಲೆ ಜೆಲ್ ಹಾಕಿ 5ರಿಂದ 10 ನಿಮಿಷ ಇಟ್ಟು ಉಗೀಬೇಕು, ಆಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಬಾಯಿ ತೊಳೀಬಾರದು. ಇದು ಜೀವನಪೂರ್ತಿ. ಹಳ್ಳಿ ಮೆಡಿಕಲಲ್ಲಿ ಈ ಜೆಲ್ ಸಿಗೋದು ಕಷ್ಟ, ಡಾಕ್ಟರಿಗೇ ತರಿಸಿಕೊಡೋಕೆ ಹೇಳಿ. ಬ್ರಷ್ ಮೆತ್ತಗಿರಲಿ, ಇದ್ದಿಲು, ಬೂದಿ, ಉಪ್ಪಲ್ಲಿ ಉಜ್ಜೋದು ಬೇಡ. ಆಲ್ಕೋಹಾಲ್ ಇರೋ ಮೌತ್‌ವಾಶ್ ಕೂಡ ಬೇಡ, ಬಾಯಿ ಇನ್ನೂ ಉರಿಯತ್ತೆ.

ನಾಲಿಗೆ, ಕೆನ್ನೆ ಒಳಗೆ ಮೊಸರಿನ ಥರ ಬಿಳಿ ಪದರ ಇದ್ಯಾ ಅಥವಾ ಬರೀ ಕೆಂಪಗಾಗಿ ಖಾರ ತಗುಲಿದಂಗೆ ಉರೀತಿದ್ಯಾ ಟಾರ್ಚ್ ಹಾಕಿ ನೋಡಿ. ಒಣ ಬಾಯಲ್ಲಿ ಫಂಗಸ್ ಸುಲಭವಾಗಿ ಬೆಳೆಯತ್ತೆ, ಕ್ಲೋಟ್ರಿಮಜೋಲ್ ಥರದ್ದು ಹಚ್ಚಿದ್ರೆ ಬಹಳ ಜನರಿಗೆ ವಾರದಲ್ಲೇ ಊಟ ಸೇರತ್ತೆ. ಇದನ್ನ ಒಣ ಬಾಯಿ ಅಂತ್ಲೇ ಅಂದ್ಕೊಂಡು ತಿಂಗಳುಗಟ್ಟಲೆ ಸುಮ್ನೆ ಅನುಭವಿಸಿದೋರನ್ನ ನೋಡಿದೀನಿ.

ಹುಬ್ಬಳ್ಳಿ ಕಾಕಾ ಹೇಳಿದ ಅಡಿಕೆ ಮಾತು ತುಂಬಾ ಮುಖ್ಯ. ತಂಬಾಕಿಲ್ಲದ ಬರೀ ಅಡಿಕೆನೂ ಕ್ಯಾನ್ಸರ್ ತರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲೇ ಹೇಳಿದೆ.

ಮಂಡ್ಯದಕ್ಕ

ನಮ್ಮ ಯಜಮಾನ್ರಿಗೆ ಆಗಿ ಮೂರು ವರ್ಷ ಆಯ್ತು ಕಣಮ್ಮ. ಊಟದ ವಿಷಯ ನಾನು ಹೇಳ್ತೀನಿ, ಅದ್ರಲ್ಲಿ ನಾನು ಪಟ್ಟಿರೋ ಪಾಡು ಅಷ್ಟಿಷ್ಟಲ್ಲ.

ನಮ್ಮನ್ನ ಉಳಿಸಿದ್ದು ಮುದ್ದೆ. ಮುದ್ದೆನ ಅಗಿಯೋ ಹಂಗೇ ಇಲ್ವಲ್ಲ, ಮುರಿದು ಸಾರಲ್ಲಿ ಹೊರಳಿಸಿ ನುಂಗೋದು, ಜೊಲ್ಲು ಮಾಡ್ಬೇಕಿದ್ದ ಕೆಲಸನ ಸಾರು ಮಾಡತ್ತೆ. ಆದ್ರೆ ಮಾಮೂಲಿ ಗಟ್ಟಿ ಮುದ್ದೆ ಅಲ್ಲ, ನೀರು ಜಾಸ್ತಿ ಇಟ್ಟು ಮೆತ್ತಗೆ ತಿರುವಿ, ತುತ್ತು ಕಡ್ಲೆಕಾಯಿ ಗಾತ್ರ ಇರ್ಲಿ, ದೊಡ್ಡ ತುತ್ತು ಗಂಟಲಲ್ಲಿ ಸಿಕ್ಕಿದ್ರೆ ಜೀವ ಹೋದಂಗಾಗತ್ತೆ. ಮೊದಲ ಮೂರು ತಿಂಗಳು ಇವರಿಗೆ ನುಂಗೋಕೇ ತೊಂದ್ರೆ ಇತ್ತು, ಆಗ ಅಂಬಲಿ ಮಾತ್ರ, ನುಂಗೋದನ್ನ ಪರೀಕ್ಷೆ ಮಾಡೋರು ಆಸ್ಪತ್ರೆಲಿ ಇರ್ತಾರೆ, ಅವರು ನೋಡಿ ಪರವಾಗಿಲ್ಲ ಅಂದ್ಮೇಲೆ ನಾನು ಮುದ್ದೆಗೆ ಬಂದಿದ್ದು. ಸಾರಿಗೆ ಬಸಳೆ ಸೊಪ್ಪು, ಬೆಂಡೆಕಾಯಿ ಹಾಕಿ, ಆ ಲೋಳೆ ಗಂಟಲಿಗೆ ಜಾರತ್ತೆ. ಖಾರ, ಹುಣಸೆಹುಳಿ ಇಲ್ಲ, ಒಂದೇ ಒಂದು ಮೆಣಸಿನಕಾಯಿ ಬಿದ್ರೂ ಇವ್ರು ಕಣ್ಣಲ್ಲಿ ನೀರು ಹಾಕ್ಕೊಂಡು ಎದ್ಬಿಡ್ತಿದ್ರು. ತುಪ್ಪ ಧಾರಾಳವಾಗಿ ಹಾಕಿ, ತೂಕಕ್ಕೂ ಆಗತ್ತೆ ಜಾರೋಕೂ ಆಗತ್ತೆ.

ಅನ್ನ ಮಾಡಿದ್ರೆ ಉದುರು ಉದುರಾಗಿ ಬೇಡ, ಹೆಸರುಬೇಳೆ ಹಾಕಿ ಮುದ್ದೆ ಮುದ್ದೆ ಬೇಯ್ಸಿ. ಇಡ್ಲಿನ ಸಾಂಬಾರಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟು ಕೊಡಿ. ಮೊಟ್ಟೆ ತಿಂತೀರಾದ್ರೆ ಹಾಲು ಹಾಕಿ ಮೆತ್ತಗೆ ಕಲಕಿ ಬೇಯ್ಸಿ. ಚಪಾತಿ, ಬ್ರೆಡ್ಡು, ಬಿಸ್ಕೆಟ್ಟು, ಕಡ್ಲೆಪುರಿ, ಚಟ್ನಿಪುಡಿ ಇವೆಲ್ಲಾ ಅಂಗುಳಕ್ಕೆ ಮೆತ್ತಿಕೊಂಡುಬಿಡತ್ತೆ, ಪುಡಿ ಅಂತೂ ಶ್ವಾಸಕ್ಕೆ ಹೋಗಿ ಕೆಮ್ಮು ಬರತ್ತೆ. ಯಾವುದೇ ಆದ್ರೂ ಉಗುರುಬೆಚ್ಚಗೆ. ಮೂರು ಹೊತ್ತು ತಟ್ಟೆ ತುಂಬ ಬಡಿಸಬೇಡಿ, ನೋಡಿದ್ರೇ ಸಾಕಾಗತ್ತೆ ಅವರಿಗೆ, ಆರು ಹೊತ್ತು ಬಟ್ಟಲಲ್ಲಿ ಕೊಡಿ. ಭಾನುವಾರ ಭಾನುವಾರ ತೂಕ ನೋಡಿ ಕ್ಯಾಲೆಂಡರಲ್ಲಿ ಬರೆದಿಡಿ, ಇನ್ನೂ ಇಳೀತಾ ಇದ್ರೆ ಡಾಕ್ಟ್ರಿಗೆ ತೋರಿಸಿ.

ರುಚಿ ಬಗ್ಗೆ ಒಂದ್ ಮಾತು. ಇವ್ರಿಗೆ ಐದು ತಿಂಗಳು ಸಿಹಿ ಅಂದ್ರೆ ಮಣ್ಣು, ಉಪ್ಪು ಅಂದ್ರೆ ಕಹಿ ಅನ್ಸ್ತಿತ್ತು. ನಾನು ಅಡುಗೆ ಕೆಟ್ಟಿದೆ ಅಂತ ಅಂದ್ಕೊಂಡು ಒಳಗೊಳಗೇ ಅತ್ತಿದೀನಿ. ಆಮೇಲೆ ನಿಧಾನಕ್ಕೆ ಬಂತು, ಈಗ ಬಸ್ಸಾರಿಗೆ ಉಪ್ಪು ಕಮ್ಮಿ ಅಂತ ಅವರೇ ಹೇಳ್ತಾರೆ.

ಪಂಕ್ತಿ ವಿಷಯಕ್ಕೆ ನಾನು ಮಾಡೋದು ಇದು, ಚಿಕ್ಕ ಫ್ಲಾಸ್ಕಲ್ಲಿ ತಿಳಿಸಾರು ತಗೊಂಡು ಹೋಗ್ತೀನಿ, ಮೊದಲ ಪಂಕ್ತಿಗೆ ಕೂರದೆ ಕೊನೇ ಪಂಕ್ತಿಗೆ ಕೂತ್ಕೋತೀವಿ, ಎಬ್ಬಿಸೋರು ಯಾರೂ ಇರಲ್ಲ. ಅಪ್ಪನ್ನ ಒಬ್ರನ್ನೇ ಬಿಡಬೇಡಿ, ಪಕ್ಕದಲ್ಲಿ ನೀವೂ ನಿಧಾನಕ್ಕೆ ತಿನ್ನಿ.

ರೇಡಿಯೇಷನ್_ಫಿಸಿಸಿಸ್ಟ್

ನಾನು ರೇಡಿಯೋಥೆರಪಿ ಪ್ಲಾನಿಂಗ್ ಮಾಡೋನು, ಅಂದ್ರೆ ಯಾವ ಜಾಗಕ್ಕೆ ಎಷ್ಟು ರೇಡಿಯೇಷನ್ ಬೀಳ್ಬೇಕು ಅಂತ ಲೆಕ್ಕ ಹಾಕೋನು. ಜೊಲ್ಲು ವಾಪಸ್ ಬರತ್ತಾ ಅನ್ನೋ ಪ್ರಶ್ನೆಗೆ ಉತ್ತರ ಸ್ವಲ್ಪ ಮಟ್ಟಿಗೆ ನಿಮ್ಮ ತಂದೆ ಪ್ಲಾನಲ್ಲೇ ಇದೆ, ಅದಕ್ಕೆ ಬರೀತಿದೀನಿ.

ಕಿವಿ ಮುಂದೆ ಕೆನ್ನೆಲಿ ಇರೋದು ಪೆರೋಟಿಡ್ ಗ್ರಂಥಿ, ಊಟ ಮಾಡುವಾಗ ಬರೋ ನೀರು ನೀರಾದ ಜೊಲ್ಲು ಮುಖ್ಯವಾಗಿ ಅದರದ್ದು. ದವಡೆ ಕೆಳಗಿರೋ ಗ್ರಂಥಿ ಸುಮ್ನಿರುವಾಗ, ಮಲಗಿರುವಾಗ ಬಾಯಿ ಹಸಿಯಾಗಿಡತ್ತೆ. ನೀರು ಜೊಲ್ಲು ಮಾಡೋ ಕೋಶಗಳು ರೇಡಿಯೇಷನ್ನಿಗೆ ಬೇಗ ಸೋಲ್ತವೆ, ಲೋಳೆ ಮಾಡೋವು ಸ್ವಲ್ಪ ತಡೀತವೆ, ಅದಕ್ಕೇ ಎರಡನೇ ವಾರಕ್ಕೆ ನೀರು ಹೋಗಿ ಗೋಂದು ಉಳಿದಿದ್ದು. 35 ಸಲ ಅಂದ್ರೆ ಸಾಮಾನ್ಯವಾಗಿ ಸಲಕ್ಕೆ 2 ಗ್ರೇ ಲೆಕ್ಕದಲ್ಲಿ ಗಡ್ಡೆ ಜಾಗಕ್ಕೆ 70 ಗ್ರೇ. ಪೆರೋಟಿಡ್ಡಿಗೆ ಸರಾಸರಿ 26 ಗ್ರೇ ಒಳಗೆ ಇಟ್ರೆ ಅದು ಚೇತರಿಸಿಕೊಳ್ಳೋ ಸಾಧ್ಯತೆ ಚೆನ್ನಾಗಿರತ್ತೆ, ನಾವು ಐಎಂಆರ್‌ಟಿಲಿ (ಗಡ್ಡೆ ಆಕಾರಕ್ಕೆ ಹೊಂದಿಸಿ ಅಕ್ಕಪಕ್ಕದ ಭಾಗ ಉಳಿಸೋ ರೇಡಿಯೇಷನ್) ಒದ್ದಾಡೋದು ಅದಕ್ಕೇ. ಬ್ರಿಟನ್ನಿನ ಪಾರ್‌ಸ್ಪೋರ್ಟ್ ಅನ್ನೋ ಅಧ್ಯಯನ 2011ರಲ್ಲಿ ಬಂತು, ಹಳೇ ಥರ ರೇಡಿಯೇಷನ್ ಕೊಟ್ಟೋರಲ್ಲಿ ಒಂದು ವರ್ಷ ಆದ್ಮೇಲೂ 74% ಜನಕ್ಕೆ ಗಣನೀಯ ಒಣ ಬಾಯಿ ಇತ್ತು, ಐಎಂಆರ್‌ಟಿ ಆದೋರಲ್ಲಿ 38%. ಅಂದ್ರೆ ಒಳ್ಳೆ ಮೆಷಿನ್ ಇದ್ರೂ ಸುಮಾರು ಜನರಿಗೆ ಉಳ್ಕೊಳ್ಳತ್ತೆ, ಆದ್ರೆ ಅರ್ಧಕ್ಕರ್ಧ ವ್ಯತ್ಯಾಸ ಆಗತ್ತೆ.

ಬಲ ಟಾನ್ಸಿಲ್ ಆದ್ರಿಂದ ಬಲ ಪೆರೋಟಿಡ್ಡಿಗೆ ಹೆಚ್ಚು ಬಿದ್ದಿರತ್ತೆ, ಎಡದ್ದು ಎಷ್ಟು ಉಳಿದಿದೆ ಅನ್ನೋದೇ ಮುಖ್ಯ. ಮುಂದಿನ ಚೆಕಪ್‌ನಲ್ಲಿ ಎಡ ಪೆರೋಟಿಡ್ ಸರಾಸರಿ ಡೋಸ್ ಎಷ್ಟು, ಬಲ ಕೆಳದವಡೆಗೆ ಎಷ್ಟು ಬಿದ್ದಿದೆ ಅಂತ ಕೇಳಿ, ಪ್ಲಾನ್ ರಿಪೋರ್ಟ್ ಪ್ರಿಂಟ್ ಕೊಡಿ ಅನ್ನಿ. ಕೇಳೋದ್ರಲ್ಲಿ ಸಂಕೋಚ ಏನೂ ಬೇಡ, ಹಲ್ಲಿನ ಡಾಕ್ಟರಿಗೂ ಅದೇ ಕಾಗದ ಬೇಕಾಗತ್ತೆ. ದವಡೆ ಕೆಳಗಿನ ಗ್ರಂಥಿ ರೇಡಿಯೇಷನ್ ಕೊಡೋ ಕುತ್ತಿಗೆ ಲಿಂಫ್ ಗಂಟುಗಳ ಪಕ್ಕದಲ್ಲೇ ಇರೋದ್ರಿಂದ ಅದನ್ನ ಉಳಿಸೋದು ಬಹಳ ಸಲ ಆಗಲ್ಲ, ಹುಬ್ಬಳ್ಳಿ ಕಾಕಾ ಅವರಿಗೆ ಹಗಲು ಬಂದು ರಾತ್ರಿ ಬರದೇ ಇರೋದಕ್ಕೆ ಅದೇ ಕಾರಣ ಇರಬಹುದು.

ಇನ್ನೆರಡು ಹೇಳಿ ಮುಗಿಸ್ತೀನಿ. ಬಾಯಿ ಎಷ್ಟು ತೆರೆಯತ್ತೆ ನೋಡಿ, ಅವರದೇ ಮೂರು ಬೆರಳು ನಿಲ್ಲಿಸಿ ಇಡೋಕೆ ಆಗ್ಬೇಕು, ಆಗ್ತಿಲ್ಲ ಅಂದ್ರೆ ಬಾಯಿ ತೆರೆಯೋ ವ್ಯಾಯಾಮ ಈಗ್ಲೇ ಶುರು ಮಾಡಿ, ಬಿಗಿದ ಮೇಲೆ ಕಷ್ಟ, ರೂಟ್ ಕೆನಾಲ್ ಮಾಡೋಕೂ ಕೈ ಹೋಗಲ್ಲ. ಮತ್ತೆ ಕುತ್ತಿಗೆಗೆ ರೇಡಿಯೇಷನ್ ಆದೋರಿಗೆ ತಿಂಗಳು, ವರ್ಷಗಳ ಮೇಲೆ ಥೈರಾಯ್ಡ್ ಕಮ್ಮಿ ಆಗೋದು ಬಹಳ, 6ರಿಂದ 12 ತಿಂಗಳಿಗೊಮ್ಮೆ ಥೈರಾಯ್ಡ್ ರಕ್ತಪರೀಕ್ಷೆ ಟಿಎಸ್‌ಎಚ್ ಮಾಡಿಸಿ.

ಹುಬ್ಬಳ್ಳಿ_ಕಾಕಾ

ಸರ್, ಆರು ವರ್ಷದಿಂದ ರಾತ್ರಿ ಯಾಕ ಒಣಗತೈತಿ ಅಂತ ಯಾರೂ ಹೇಳಿರಲಿಲ್ಲ, ಇವತ್ತು ತಿಳೀತು. ಥೈರಾಯ್ಡ್ ಖರೆ, ನಂಗೂ ಎರಡನೇ ವರ್ಷ ಬಂತು. ಸುಸ್ತು ಅಂತ ಮಲಕೊಂಡ ಇರತಿದ್ದೆ, ಕ್ಯಾನ್ಸರ್ ಹೊಳ್ಳಿ ಬಂತೇನೋ ಅಂತ ಹೆದರಿದ್ದೆ, ಗುಳಿಗಿ ಚಾಲೂ ಮಾಡಿದ ಮ್ಯಾಲ ಎದ್ದ ಓಡಾಡಿದೆ.

ಪಾವಗಡದ_ಮಗಳು

ಎಲ್ರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಡಾಕ್ಟ್ರೇ, ಸೋಮವಾರದ್ದು ಕ್ಯಾನ್ಸಲ್ ಮಾಡಿಸಿದೆ. ನಾನು ಫೋನಲ್ಲಿ ರೇಡಿಯೇಷನ್ ಅಂದ ತಕ್ಷಣ ಆ ಕ್ಲಿನಿಕ್ಕವರೂ ಮೊದಲೇ ಹೇಳೋದಲ್ವಾ ಅಂತ ಗಾಬರಿ ಆದ್ರು, ತಪ್ಪು ನಮ್ಮದೇ. ನಿಮ್ಮ ಪೋಸ್ಟುಗಳನ್ನ ಅಪ್ಪಂಗೆ ಜೋರಾಗಿ ಓದಿ ಹೇಳ್ದೆ, ಕಾಕಾ ಅವರ ಮಿರ್ಚಿ ಕಥೆ ಬಂದಾಗ ಇನ್ನೊಂದ್ಸಲ ಓದು ಅಂದ್ರು.

ಒಂದು ಅನುಮಾನ. ನಮ್ಮ ಪಾವಗಡ ಕಡೆ ಬೋರ್ ನೀರಲ್ಲೇ ಫ್ಲೋರೈಡ್ ಜಾಸ್ತಿ, ಎಷ್ಟೋ ಜನಕ್ಕೆ ಹಲ್ಲು ಕಂದು, ಮೊಣಕಾಲು ಸೊಟ್ಟ. ಅಪ್ಪನ ಹಲ್ಲಲ್ಲೂ ಕಂದು ಗೆರೆ ಇದೆ. ಅವರಿಗೆ ಮತ್ತೆ ಫ್ಲೋರೈಡ್ ಜೆಲ್ ಹಚ್ಚಬಹುದಾ? ಅಮ್ಮ ಇದೇ ಕೇಳ್ತಿದಾರೆ.

ಹಲ್ಲಿನ_ಡಾಕ್ಟರ್_ಮೈಸೂರು

ಅಮ್ಮ ಸರಿಯಾದ ಪ್ರಶ್ನೆ ಕೇಳಿದಾರೆ. ಆ ಕಂದು ಗೆರೆ ಬಂದಿದ್ದು ಚಿಕ್ಕವರಿದ್ದಾಗ, ಹಲ್ಲು ಒಳಗೆ ತಯಾರಾಗ್ತಿದ್ದ ವರ್ಷಗಳಲ್ಲಿ ಆ ನೀರು ಕುಡಿದಿದ್ರಿಂದ. ಕಾಲು ಸೊಟ್ಟ ಆಗೋದು ವರ್ಷಗಟ್ಟಲೆ ನುಂಗಿದ್ರಿಂದ. ಜೆಲ್ಲು ನುಂಗೋದಲ್ಲ, ಹೊರಗಿಂದ ಹಚ್ಚಿ ಉಗಿಯೋದು. ಹಚ್ಚಬಹುದು, ಹಚ್ಚಲೇಬೇಕು. ಆದ್ರೆ ಟ್ರೇಗೆ ಕಮ್ಮಿ ಹಾಕಿ ತೆಳ್ಳಗೆ ಹರಡಿ, ಮುಗಿದ ಮೇಲೆ ಎರಡು ಮೂರು ಸಲ ಚೆನ್ನಾಗಿ ಉಗೀಲಿ, ತಲೆ ಮುಂದಕ್ಕೆ ಬಾಗಿಸಿ ಕೂತ್ಕೊಳ್ಳಲಿ. ಕುಡಿಯೋಕೆ ಮಾತ್ರ ಫ್ಲೋರೈಡ್ ತೆಗೆಯೋ ಫಿಲ್ಟರ್ ನೀರೇ ಇರಲಿ, ದಿನವಿಡೀ ನೀರು ಕುಡಿಯೋರಿಗೆ ಅದು ಇನ್ನೂ ಮುಖ್ಯ, ಬಾಯಿ ಮುಕ್ಕಳಿಸೋ ಸೋಡಾ ನೀರಿಗೂ ಅದನ್ನೇ ಹಾಕಿ. ನೀವು ತೋರಿಸೋ ಡಾಕ್ಟರಿಗೂ ಊರಿನ ನೀರಿನ ವಿಷಯ ಹೇಳಿ.

ಪಾವಗಡದ_ಮಗಳು

ಮೂರು ವಾರ ಆಯ್ತು, ಅಪ್‌ಡೇಟ್ ಹಾಕ್ತಿದೀನಿ. ಡೆಂಟಲ್ ಕಾಲೇಜಿಗೆ ಕರ್ಕೊಂಡು ಹೋದ್ವಿ, ದವಡೆದು ದೊಡ್ಡ ಎಕ್ಸರೇ ತೆಗೆದ್ರು. ಒಂದು ಹಲ್ಲಿಗೆ ರೂಟ್ ಕೆನಾಲ್, ಇನ್ನೊಂದಕ್ಕೆ ಫಿಲ್ಲಿಂಗ್ ಸಾಕು ಅಂದ್ರು, ಕಿತ್ತಿದ್ದು ಒಂದೂ ಇಲ್ಲ. ನಾಲಿಗೆ ಮೇಲೆ ಫಂಗಸ್ ಇತ್ತು, ಒಂದು ವಾರ ಮದ್ದು ಹಚ್ಚಿದ್ಮೇಲೆ ಉರಿ ಇಳೀತು, ನಾವು ಅದನ್ನ ಇಷ್ಟು ದಿನ ಕರೆಂಟಿನ ಉರಿ ಅಂದ್ಕೊಂಡಿದ್ವಿ. ಟ್ರೇ ಬಂದಿದೆ, ರಾತ್ರಿ ಟಿವಿ ವಾರ್ತೆ ಹೊತ್ತಿಗೆ ಹಾಕ್ಕೊಂಡು ಕೂರ್ತಾರೆ. ಎಡ ಪೆರೋಟಿಡ್ ಸರಾಸರಿ 24 ಗ್ರೇ ಅಂತ ಪ್ಲಾನ್ ರಿಪೋರ್ಟಲ್ಲಿ ಇದೆ, ಬಲದ್ದು 41. ಪೈಲೋಕಾರ್ಪಿನ್ ಬಗ್ಗೆ ಕಣ್ಣು ತೋರಿಸಿ ಬಂದ ಮೇಲೆ ನೋಡೋಣ ಅಂದ್ರು.

ಕಲ್ಲುಸಕ್ಕರೆ ಡಬ್ಬಿ ಅಜ್ಜಿನೇ ಎತ್ತಿಟ್ರು. ಈಗ ಬೆಳಿಗ್ಗೆ ಎದ್ದು ಉಪ್ಪು ಸೋಡಾ ನೀರು ಕಾಯಿಸಿ ಆರಿಸಿಡೋದು ಅವರ ಕೆಲಸ, ಬೇರೆ ಯಾರನ್ನೂ ಮುಟ್ಟೋಕೆ ಬಿಡಲ್ಲ. ಮಂಡ್ಯದಕ್ಕ ಹೇಳಿದಂಗೆ ಮೆತ್ತಗಿನ ಮುದ್ದೆ, ಬಸಳೆ ಸಾರು ಮಾಡ್ತಿದೀವಿ, ತೂಕ ಹೋದ ಭಾನುವಾರ 62.4, ಈ ಭಾನುವಾರ 62.9. ಬಾಯಿ ಎರಡೂವರೆ ಬೆರಳಷ್ಟೇ ತೆರೆಯತ್ತೆ, ವ್ಯಾಯಾಮ ಹೇಳ್ಕೊಟ್ಟಿದಾರೆ, ನೋವು ಅಂತ ತಪ್ಪಿಸ್ತಾರೆ ನಾನು ಬಿಡ್ತಿಲ್ಲ. ರಾತ್ರಿ ಇನ್ನೂ ಮೂರು ನಾಲ್ಕು ಸಲ ಏಳ್ತಾರೆ. ಟಿಎಸ್‌ಎಚ್‌ಗೆ ರಕ್ತ ಕೊಟ್ಟಿದೀವಿ, ಶುಕ್ರವಾರ ರಿಪೋರ್ಟ್ ಬರತ್ತೆ, ಬಂದ್ಮೇಲೆ ಇಲ್ಲೇ ಹಾಕ್ತೀನಿ.